ಮಡಿಯುಟ್ಟ ವಿಷ

ಪೇಪರಿನವರು ಒಳಪುಟದಲ್ಲಿ ನಮ್ಮ ಸರ್ ಅವರ ಫೋಟೋ ಹಾಕಿ, ಕೆಳಗೆ ‘ಹುಳುಗಳ ಪ್ರೇಮಿ ಇನ್ನಿಲ್ಲ’ ಎಂದು ಬರೆದಿದ್ದರು. ಓದಿದ ಕೂಡಲೇ ನನಗೆ ಪಿತ್ತ ನೆತ್ತಿಗೇರಿತು. ಪ್ರೇಮಿಯಂತೆ! ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅವರ ಪಕ್ಕದ ಮೇಜಿನಲ್ಲಿ ಕುಳಿತು ನೌಕರಿಯ ಮುಕ್ಕಾಲು ಆಯಸ್ಸು ಕಳೆದವಳು ನಾನು. ಹುಳ ಕಂಡರೆ ಅವರಿಗೆ ಮೈಯೆಲ್ಲ ಮುಳ್ಳಾಗುತ್ತಿತ್ತು. ಕಂಬಳಿಹುಳ ತೋಳಿನ ಮೇಲೆ ಬಿದ್ದರೆ ‘ಇಶ್ಶೀ’ ಎಂದು ಕುರ್ಚಿಯಿಂದ ಎದ್ದು ಕುಣಿಯುವಷ್ಟು ಹೇಸಿಗೆ. ಸಂಜೆ ಹೊತ್ತಿಗೆ ಕೈಯೆಲ್ಲ ತುರಿಕೆಯ ದಡಿಕೆ ಎದ್ದು, ತೆಂಗಿನೆಣ್ಣೆ ಸವರಿಕೊಂಡು ಕೂತಿರುತ್ತಿದ್ದರು. “ಮತ್ತೆ ಯಾಕೆ ಸರ್ ಈ ಕೆಲಸ?” ಎಂದು ಕೇಳಿದರೆ, “ಹೇಸಿಗೆ ನನ್ನ ಹೊಟ್ಟೆಯದ್ದು ಮೇಡಂ. ಅದು ಹುಳದ ತಪ್ಪಾ?” ಎನ್ನುತ್ತಿದ್ದರು.

ಅವರ ಪ್ರೀತಿ ಇದ್ದದ್ದು ಹುಳವನ್ನು ಮುಗಿಸುವ ಕಣಜದ ಮೇಲೆ. ನಾವು ಬೈದುಕೊಂಡು ಓಡುವ ದೊಡ್ಡ ಕಣಜ ಅಲ್ಲ. ಎಳ್ಳುಕಾಳಿನಷ್ಟು ಇರುವ, ಯಾರನ್ನೂ ಕುಟುಕದ, ಕನ್ನಡಕ ಹಾಕಿದರೂ ನೆಟ್ಟಗೆ ಕಾಣದ ಜಾತಿ. ಅದು ಹುಳದ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿಗಳು ಒಳಗಿನಿಂದಲೇ ಹುಳವನ್ನು ತಿಂದು, ಚರ್ಮ ತೂತು ಮಾಡಿ ಹೊರಗೆ ಬಂದು, ಅದರ ಬೆನ್ನಿನ ಮೇಲೆಯೇ ಗೂಡು ಕಟ್ಟಿಕೊಂಡು ಮಲಗುತ್ತವೆ. ಕೇಳಲಿಕ್ಕೇ ವಾಕರಿಕೆ ಬರುವಂಥ ವಿಷಯ. ಅವರು ಮಾತ್ರ ಮಕ್ಕಳ ಮುಂಜಿಯ ಸುದ್ದಿ ಹೇಳುವವರ ಹಾಗೆ ಸಂಭ್ರಮದಿಂದ ಹೇಳುತ್ತಿದ್ದರು.

ಹೊಸ ಬ್ಯಾಚು ಬಂದ ಮೊದಲ ದಿನ ಒಂದು ಎಲೆಯ ಮೇಲೆ ಹುಳವಿಟ್ಟು ಮೇಜಿನ ನಡುವೆ ತಳ್ಳುವುದು ಅವರ ಕ್ರಮ. ಹುಳದ ಬೆನ್ನಿಗೆ ಬೆಳ್ತಿಗೆ ಅಕ್ಕಿ ಅಂಟಿಸಿದಂತೆ ಬಿಳಿ ಬಿಳಿ ಕಾಳು.

“ಎಂತ ಇದು?”

“ಮೊಟ್ಟೆ ಸರ್.”

“ಎಂತ ಮಾಡ್ಬೇಕು ಇದನ್ನು?”

“ಕೊಲ್ಬೇಕು ಸರ್. ಇಲ್ಲದಿದ್ರೆ ಎಲ್ಲ ಒಡೆದು ಮರಿ ಆಗ್ತದೆ.”

ಅವರಿಗೆ ಬೇಕಾದದ್ದು ಅದೇ ಉತ್ತರ. “ಶಹಭಾಸ್! ಕಳ್ಳನನ್ನು ಬಿಟ್ಟು ಪೊಲೀಸನ್ನು ಕೊಂದಿ ನೀನು. ಅದು ಮೊಟ್ಟೆ ಅಲ್ಲ ಮಾರಾಯ, ಕಣಜದ ಗೂಡು. ಮಕ್ಕಳು ಊಟ ಮುಗಿಸಿ ಹೊದ್ದು ಮಲಗಿದ್ದಾವೆ. ಈ ಹುಳ ಇನ್ನು ಒಂದು ಎಲೆ ಕೂಡ ತಿನ್ನುವುದಿಲ್ಲ. ಇದನ್ನು ಕೊಲ್ಲಲಿಕ್ಕೆ ನಿನಗೆಂತ ಅರ್ಜೆಂಟ್?” ಎಂದು ಕೂಗಾಡುತ್ತಿದ್ದರು. ನಾನು ಅದನ್ನು ಮೊದಲ ಸಲ ನೋಡಿದ ಮಧ್ಯಾಹ್ನ ಬುತ್ತಿ ತೆರೆದವಳು ಅನ್ನ ಕಂಡು ಮುಚ್ಚಿಬಿಟ್ಟೆ. ಅವರು ಪಕ್ಕದಲ್ಲಿ ಮೊಸರನ್ನ ಸುರಿದುಕೊಂಡು ಉಣ್ಣುತ್ತ, ಉಪ್ಪಿನಕಾಯಿ ಉಂಟಾ ಎಂದು ಕೇಳಿದರು.

ಅವರದು ಅರ್ಚಕರ ಮನೆತನ. ಮದುವೆಯಾಗಿರಲಿಲ್ಲ. ಕೊಟ್ಟಾರದ ಒಳರಸ್ತೆಯಲ್ಲಿ ಅಣ್ಣನ ಮನೆ, ಮಹಡಿಯ ಮೇಲಿನ ಕೋಣೆ ಇವರದ್ದು. ಅಣ್ಣಭಟ್ರು ಮನೆಯ ಹಿಂದಿನ ನಾಗಬನದ ಪೂಜೆ ಮಾಡುತ್ತಿದ್ದರು. ಆ ಮನೆಯಲ್ಲಿ ಮಡಿ ಎಂದರೆ ಮಡಿಯೇ. ಇವರೋ ದಿನವಿಡೀ ಹುಳ ಹಿಡಿದ ಕೈ. ಅದಕ್ಕಾಗಿ ಕಾಲೇಜು ಬಿಟ್ಟ ಮೇಲೆ ಹಿತ್ತಲಿನ ನಳ್ಳಿಯಲ್ಲಿ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಬೈರಾಸನ್ನೇ ಪಂಚೆಯಂತೆ ಸುತ್ತಿಕೊಂಡು ಸ್ಕೂಟರು ಹತ್ತುತ್ತಿದ್ದರು. ಹುಡುಗಿಯರು ಮುಸಿಮುಸಿ ನಗುತ್ತಿದ್ದರು. “ನಗಿ ನಗಿ. ಮನೆಯಲ್ಲಿ ಊಟ ಸಿಗ್ಬೇಕಲ್ಲ ನಂಗೆ,” ಎನ್ನುತ್ತಿದ್ದರು. ಅಣ್ಣನನ್ನು ಕಂಡರೆ ಅವರಿಗೆ ಗೌರವ. ಅಣ್ಣನಿಗೂ ಇವರನ್ನು ಕಂಡರೆ ಅಕ್ಕರೆ. ತಮ್ಮನ ಕೋಣೆಯ ಕಿಟಕಿಗೆ ಬಲೆ ಹೊಡೆಸಿಕೊಟ್ಟದ್ದು ಅವರೇ.

ಅವರು ಒಳ್ಳೆಯವರು ಎಂದು ನಾನು ಬರೆದರೆ ನನ್ನ ಜೊತೆ ಕೆಲಸ ಮಾಡಿದವರು ನಕ್ಕಾರು. ಮುಂಗೋಪಿ. ಯಾರನ್ನೂ ಹೊಗಳಿದವರಲ್ಲ. ನನ್ನ ಪ್ರಬಂಧ ಓದಿ, “ಭಾಷೆ ಚಂದ ಉಂಟು, ವಿಷಯ ಇದ್ದಿದ್ರೆ ಇನ್ನೂ ಚಂದ ಆಗ್ತಿತ್ತು,” ಎಂದು ಹಿಂದೆ ಕೊಟ್ಟ ಮಹಾಶಯ. ನನ್ನ ಗಂಡನ ಮನೆಯವರದ್ದು ಹೋಟೆಲು ವ್ಯಾಪಾರ. ಅದನ್ನು ಹಿಡಿದು ಕಾಡಿಸುವುದು ಬೇರೆ. ಒಮ್ಮೆ ಕರೆದುಕೊಂಡು ಹೋದರೆ ಬರೀ ನೀರು ಕುಡಿದು ಎದ್ದರು. “ಒಂದು ನೊಣ ಇಲ್ಲ, ಒಂದು ಜಿರಳೆ ಇಲ್ಲ. ಇಷ್ಟು ಕ್ಲೀನ್ ಇದ್ದರೆ ನಂಗೆ ಹೆದರಿಕೆ ಮೇಡಂ. ಎಂತ ಮದ್ದು ಹೊಡೆಸ್ತೀರಿ ಇಲ್ಲಿ?” ನನ್ನ ಯಜಮಾನರು ಅವತ್ತು ರಾತ್ರಿಯಿಡೀ ಅವರನ್ನು ಬೈದರು. ನಾನೂ ಬೈದೆ.

ಬಜಪೆ ರಸ್ತೆಯಲ್ಲಿ ಒಬ್ಬರ ತೇಗದ ತೋಟ ಇತ್ತು. ಮೊದಲ ಮಳೆಗೆ ಚಿಗುರಿದ ಎಲೆಯನ್ನೆಲ್ಲ ಹುಳ ತಿಂದು, ಮರಗಳು ಹರಿದ ಬಲೆ ನೇತುಹಾಕಿದಂತೆ ಕಾಣುತ್ತಿದ್ದವು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ನಾವಿಬ್ಬರೂ ಹೋದಾಗ, ತೋಟದ ಧಣಿ ಮದ್ದು ಹೊಡೆಯುವ ಹೊಸ ಪಂಪು ತೋರಿಸಿ ಬೀಗುತ್ತಿದ್ದ. ಹೊಡೆದ ಮರುದಿನ ಹುಳ ಚಾಪೆ ಹಾಸಿದಂತೆ ಬಿದ್ದಿತ್ತಂತೆ. ಸರ್ ಕೇಳಿದರು, “ಮತ್ತೆ ಬಂತಾ ಇಲ್ಲವಾ?”

“ಬಂತು ಸರ್. ಡಬಲ್ ಬಂತು. ಕಂಪೆನಿಯವ ಈ ಸಲ ಸ್ಟ್ರಾಂಗ್ ಮದ್ದು ಕೊಡ್ತೇನೆ ಅಂದಿದ್ದಾನೆ.”

“ಬಾರದೆ ಎಂತ ಮಾಡ್ತದೆ? ಪತಂಗ ಎಲ್ಲಿಂದಲೋ ಹಾರಿ ಬಂದು ಒಂದೇ ದಿನ ರಾಶಿ ಮೊಟ್ಟೆ ಇಟ್ಟು ಹೋಗ್ತದೆ. ನಿಮ್ಮ ಮದ್ದಿಗೆ ಮೊದಲು ಸಾಯುವುದು ದಿನವಿಡೀ ಎಲೆಯ ಮೇಲೆ ನಡೆದಾಡುವ ಕಣಜ. ಅದು ಅಷ್ಟು ಬೇಗ ವಾಪಸ್ ಬರುವುದಿಲ್ಲ. ಹುಳಕ್ಕೆ ಈಗ ಕೇಳುವವರೇ ಇಲ್ಲ. ನೀವು ದುಡ್ಡು ಕೊಟ್ಟು ಅದಕ್ಕೆ ಗದ್ದೆ ಹಸನು ಮಾಡಿ ಕೊಟ್ರಿ,” ಎಂದರು. ಧಣಿ ನಗುತ್ತ ನಮಗೆಲ್ಲ ಎಳನೀರಿನ ಬೊಂಡ ಕೊಚ್ಚಿಸಿಕೊಟ್ಟ. ವಾಪಸು ಬರುವಾಗ ಪಂಪಿನ ಸದ್ದು ಕೇಳುತ್ತಿತ್ತು. ಸರ್ ಬಸ್ಸಿನ ಕಿಟಕಿಯಿಂದ ಕ್ಯಾಕರಿಸಿ ಉಗಿದರು.

ಅವರ ಕಣಜಗಳಿಗೆ ಊರಿನಲ್ಲಿ ಉಳಿದ ಜಾಗ ಎಂದರೆ ಅಣ್ಣನ ಮನೆಯ ಹಿಂದಿನ ಬನ ಒಂದೇ. ಸುತ್ತ ಅಪಾರ್ಟ್‌ಮೆಂಟು ಎದ್ದು ನಿಂತರೂ, ಬನದೊಳಗೆ ಕತ್ತಿ ತಾಗಿಸುವಂತಿಲ್ಲ, ಎಲೆ ಮುರಿಯುವಂತಿಲ್ಲ, ನಾಗನ ಭಯ. ನಡುವೆ ಒಂದು ಭಾರೀ ರೆಂಜೆ, ಎಂದರೆ ಬಕುಳದ ಮರ, ಅದರಡಿಯಲ್ಲಿ ನಾಗನ ಕಲ್ಲು. ಆ ಮರಕ್ಕೆ ಆಷಾಢದಲ್ಲಿ ಕಂಬಳಿಹುಳ ಹತ್ತುವುದು ಮಾಮೂಲು. ಹಗಲು ಕಾಂಡಕ್ಕೆ ಒತ್ತೊತ್ತಾಗಿ ಅಂಟಿಕೊಂಡಿರುತ್ತವೆ, ಕತ್ತಲಾದ ಮೇಲೆ ಮೇಲೇರಿ ಎಲೆ ತಿನ್ನುತ್ತವೆ. ಯಾರೂ ಮುಟ್ಟದ್ದರಿಂದ ಕಣಜಗಳೂ ಅಲ್ಲೇ ಬದುಕಿದ್ದವು, ಅವೇ ಹುಳವನ್ನು ಹದ್ದುಬಸ್ತಿನಲ್ಲಿ ಇಡುತ್ತಿದ್ದವು. ಸರ್ ನಿವೃತ್ತರಾದ ಮೇಲೆ ದಿನಾ ಬೆಳಗ್ಗೆ ಅಲ್ಲಿಯೇ. ಬಹುಶಃ ಅವರಿಗೆ ಇದ್ದ ಒಂದೇ ಭಕ್ತಿ ಅದು.

ಮೂರ್ನಾಲ್ಕು ವರ್ಷದ ಹಿಂದೆ ಹುಳ ತುಸು ಜಾಸ್ತಿಯೇ ಆಯಿತು. ನಾಗರ ಪಂಚಮಿ ಹತ್ತಿರ ಬಂದಿತ್ತು. ಸಂಕ್ರಮಣದ ಪೂಜೆಗೆ ಬಂದ ಹೆಂಗಸರಿಗೆ ಮೈ ತುರಿಸಿ, ಒಂದು ಮಗುವಿನ ಕಣ್ಣು ಊದಿಕೊಂಡು ಗಲಾಟೆಯಾಯಿತು. ಬನದ ಸಮಿತಿಯ ಅಧ್ಯಕ್ಷರು ಒಬ್ಬ ಬಿಲ್ಡರು. ಬನಕ್ಕೆ ತಾಗಿ ನಿಂತ ಕಟ್ಟಡ ಅವರದ್ದೇ. ಸಭೆ ಕರೆದರು. ಸರ್ ಅವರ ಒತ್ತಾಯಕ್ಕೆ ನಾನೂ ಹೋಗಿದ್ದೆ.

“ಸ್ವಲ್ಪ ತಡೀರಿ,” ಎಂದರು ಸರ್. “ನಾನು ದಿನಾ ನೋಡ್ತಾ ಇದ್ದೇನೆ. ಅರ್ಧಕ್ಕರ್ಧ ಹುಳದ ಒಳಗೆ ಕಣಜ ಕೂತಾಗಿದೆ. ಒಂದು ಪಂಚಮಿ ಮರದಿಂದ ದೂರ ನಿಂತು ಹಾಲಿನ ತನು ಎರೆಯಿರಿ. ಮುಂದಿನ ಸಲಕ್ಕೆ ತನ್ನಿಂದ ತಾನೇ ಇಳೀತದೆ.”

“ಸರ್, ಭಕ್ತಾದಿಗಳಿಗೆ ಎಂತ ಹೇಳುವುದು? ಕಣಜಕ್ಕೆ ಕಾಯಿರಿ ಅಂತಲಾ?” ಎಂದರು ಅಧ್ಯಕ್ಷರು. ಸಭೆ ನಕ್ಕಿತು. ನಕ್ಕವರಲ್ಲಿ ಅವರ ಹಳೆಯ ಶಿಷ್ಯರೇ ಇಬ್ಬರಿದ್ದರು. ಥೂ, ಆ ನಗು ನೆನೆದರೆ ನನಗೆ ಈಗಲೂ ಕೈ ತುರಿಸುತ್ತದೆ.

ಹೊಡೆಯುವುದು ಖಂಡಿತ ಎಂದಾದಾಗ ಸರ್ ಸೋತು ಒಂದು ದಾರಿ ಹೇಳಿದರು. ಒಂದು ಬಗೆಯ ಬ್ಯಾಕ್ಟೀರಿಯಾದ ಪುಡಿ ಸಿಗುತ್ತದೆ. ನೀರಿಗೆ ಕಲಸಿ ಎಲೆಗೆ ಹೊಡೆದರೆ, ಎಲೆ ತಿಂದ ಹುಳ ಮಾತ್ರ ಸಾಯುತ್ತದೆ. ಕಣಜ ಎಲೆ ತಿನ್ನುವುದಿಲ್ಲ, ಅದಕ್ಕೆ ಏನೂ ಆಗುವುದಿಲ್ಲ. “ಹೊಟ್ಟೆಯೊಳಗೆ ಕಣಜದ ಮರಿ ಇರುವ ಹುಳಕ್ಕೆ ಹಸಿವು ಕಮ್ಮಿ. ಅದು ತಿನ್ನುವುದೂ ಕಮ್ಮಿ. ಹಾಗಾಗಿ ನಮಗೆ ಬೇಕಾದದ್ದೇ ಉಳಿಯುವ ಚಾನ್ಸ್ ಜಾಸ್ತಿ ಉಂಟು,” ಎಂದು ವಿವರಿಸಿದರು. ಎಲ್ಲರೂ ಒಪ್ಪಿದರು. ಅವರೇ ಓಡಾಡಿ ಎಲ್ಲಿಂದಲೋ ಪೊಟ್ಟಣ ತರಿಸಿದರು.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ಹೊಡೆಯುವ ದಿನ ಬೆಳಗ್ಗೆ ಅಣ್ಣಭಟ್ರು ಪೊಟ್ಟಣ ತೆರೆದು ಮೂಸಿದರು. ಹುಳಿ ಬಂದ ಹಿಟ್ಟಿನ ನಾತ. “ಇದೆಂತದ್ದಪ್ಪ? ಕೊಳೆತದ್ದಾ?”

ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ನಮ್ಮ ಸರ್ ಹೇಳುವವರೇ? “ಬ್ಯಾಕ್ಟೀರಿಯಾ ಅಣ್ಣ. ಜೀವ ಉಂಟು ಅದಕ್ಕೆ. ಟ್ಯಾಂಕಿಯಲ್ಲಿ ಹಿಟ್ಟು ಗಿಟ್ಟು ಹಾಕಿ ಬೆಳೆಸುವುದು.”

“ಹಿಟ್ಟು ಮಾತ್ರವಾ?”

“ಕೆಲವು ಕಡೆ ಮೀನಿನ ಪುಡಿ ಸಹ ಹಾಕ್ತಾರೆ.”

ಅಣ್ಣಭಟ್ರು ಪೊಟ್ಟಣವನ್ನು ಬನದ ಹೊರಗಿಟ್ಟು ಕೈ ತೊಳೆದುಕೊಂಡರು. ನಾಗನ ಸಾನ್ನಿಧ್ಯ, ಶುದ್ಧಾಚಾರದ ಜಾಗ; ಮೀನು ಮುಟ್ಟಿದ್ದು, ಹುಳಿತದ್ದು, ಕಣ್ಣಿಗೆ ಕಾಣದ ಕ್ರಿಮಿ ಇದನ್ನೆಲ್ಲ ಒಳಗೆ ತರಲಿಕ್ಕೆ ಸಾಧ್ಯವೇ ಇಲ್ಲ ಎಂದರು. ತಮ್ಮ ಎಷ್ಟು ಅಂಗಲಾಚಿದರೂ ಕೇಳಲಿಲ್ಲ. ಅಧ್ಯಕ್ಷರಿಗೆ ಅಷ್ಟೇ ಸಾಕಾಯಿತು. ಹೋಟೆಲುಗಳಿಗೆ ಮದ್ದು ಹೊಡೆಯುವವನಿಗೆ ಫೋನು ಹೋಯಿತು. ಅವನು ತಂದ ಡಬ್ಬಿಯ ಮದ್ದಿಗೆ ಬಣ್ಣವಿಲ್ಲ, ವಾಸನೆಯಿಲ್ಲ. “ನೋಡಿ ಭಟ್ರೆ, ನೀರಿನ ಹಾಗೆ ಉಂಟು. ಪಕ್ಕಾ ಕೆಮಿಕಲ್. ಒಂದು ಕ್ರಿಮಿ ಇಲ್ಲ,” ಎಂದರು ಅಧ್ಯಕ್ಷರು. ಭಟ್ರು ಮೂಸಿ ನೋಡಿ ತಲೆಯಾಡಿಸಿದರು. ಹೋದ ಹೋದಲ್ಲಿ ಇರುವೆಯಿಂದ ಹಿಡಿದು ಕಣಜದವರೆಗೆ ಎಲ್ಲವನ್ನೂ ಕೊಲ್ಲುವ ವಿಷ ಅದು, ಶುದ್ಧ ಎನಿಸಿಕೊಂಡಿತು.

ಅಷ್ಟಕ್ಕೇ ನಿಲ್ಲಲಿಲ್ಲ. ನಾಗನಲ್ಲಿ ಕ್ಷಮೆ ಕೇಳಿ ಪ್ರಾರ್ಥನೆಯಾಯಿತು. ಅಡಿಕೆಯ ಹಿಂಗಾರ ಇಟ್ಟರು, ಅರಶಿನ ಇಟ್ಟರು. ಆ ವಿಷದ ಡಬ್ಬಿಗೆ ಪುಣ್ಯಾಹದ ನೀರು ಪ್ರೋಕ್ಷಿಸಿದರು! ಹೊಡೆಯುವ ಇಬ್ಬರನ್ನು ಬಾವಿಕಟ್ಟೆಯಲ್ಲಿ ಮೀಯಿಸಿ, ಒದ್ದೆ ಪಂಚೆ ಉಡಿಸಿ, ಪಂಪು ಬೆನ್ನಿಗೇರಿಸಿ ಒಳಗೆ ಕಳಿಸಿದರು. ಒಬ್ಬ ಶಂಖ ಊದಿದ. ನಾನು ಮೂಗಿಗೆ ಸೆರಗು ಒತ್ತಿಕೊಂಡು ಹೊರಗೆ ನಿಂತಿದ್ದೆ. ಅಸಹ್ಯಕ್ಕೆ ಬೇರೆ ಹೆಸರು ನನಗೆ ಇನ್ನೂ ಸಿಕ್ಕಿಲ್ಲ. ಸರ್ ಮನೆಯ ಮೆಟ್ಟಿಲಲ್ಲಿ ಆ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಮರುದಿನ ಹೋದೆವು. ಮರದಡಿ ಸತ್ತ ಹುಳವನ್ನು ಗುಡಿಸಿ ಗೋಣಿಗೆ ತುಂಬುತ್ತಿದ್ದರು, ಎಲ್ಲರಿಗೂ ಖುಷಿ. ಸರ್ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒದ್ದೆ ಬೆರಳಿನಿಂದ ನೆಲ ಒತ್ತಿ ಒತ್ತಿ ಏನನ್ನೋ ಅಂಗೈಗೆ ಹಾಕಿಕೊಳ್ಳುತ್ತಿದ್ದರು. ನೋಡಿದರೆ ಮಸಿಯ ಪುಡಿಯಂತೆ ಕಾಣುವ ಸತ್ತ ಕಣಜಗಳು. “ಇವುಗಳನ್ನು ಯಾರಾದರೂ ಗೋಣಿಯಲ್ಲಿ ತುಂಬಿಸ್ತಾರಾ ಮೇಡಂ? ಕಂಡರಲ್ಲವಾ ತುಂಬಿಸುವುದು,” ಎಂದರು.

ಮಳೆ ಮುಗಿಯುವ ಮೊದಲೇ ಎಲ್ಲಿಂದಲೋ ಪತಂಗ ಬಂತು, ಹುಳ ಮತ್ತೆ ಬಂತು. ಈ ಸಲ ಕಾಂಡವೇ ಕಾಣದಷ್ಟು. ಮತ್ತೆ ಪುಣ್ಯಾಹ, ಮತ್ತೆ ಪಂಪು. ಮರುವರ್ಷ ಇನ್ನೂ ಹೆಚ್ಚು. ಕೊನೆಗೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು; ನಾಗನಿಗೆ ಬೆಳಕು ಬೇಕು, ಶಿಲೆಯ ಕಟ್ಟೆ ಬೇಕು ಎಂದು ಕಂಡುಬಂತಂತೆ. ರೆಂಜೆ ಉರುಳಿತು. ಈಗ ಅಲ್ಲಿ ಗ್ರಾನೈಟು ಹಾಸಿದೆ, ಸ್ಟೀಲಿನ ರೇಲಿಂಗು ಉಂಟು, ಅಧ್ಯಕ್ಷರ ಕಾರು ನಿಲ್ಲಿಸಲಿಕ್ಕೆ ಜಾಗವೂ ಆಗಿದೆ. ಕೇಳಿದವರಿಗೆಲ್ಲ ಅವರು, “ಸರ್ ಸ್ವತಃ ಮದ್ದು ಸಜೆಸ್ಟ್ ಮಾಡಿದ್ದು, ಆದರೂ ಹಿಡಿತಕ್ಕೆ ಬರಲಿಲ್ಲ,” ಎಂದು ಹೇಳುತ್ತಾ ಬಂದರು. ನಾಚಿಕೆ ಎನ್ನುವುದು ಆ ಮುಖದ ಹತ್ತಿರ ಸುಳಿದದ್ದನ್ನು ನಾನು ಕಂಡಿಲ್ಲ.

ಸರ್ ಅಣ್ಣನ ಜೊತೆ ಮಾತು ಬಿಡಲಿಲ್ಲ, ಊಟ ಬಿಡಲಿಲ್ಲ. ಆದರೆ ತೀರ್ಥಕ್ಕೆ ಕೈ ಚಾಚುವುದನ್ನು ನಿಲ್ಲಿಸಿದರು. ಮೊದಲ ಸಲ ಮದ್ದು ಹೊಡೆಯುವ ಮೊದಲೇ ಅವರು ಗೂಡು ಅಂಟಿದ ಹುಳಗಳನ್ನು ಬನದಿಂದ ಆರಿಸಿ, ಗಾಜಿನ ಬಾಟ್ಲಿಗಳಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಕೋಣೆಯಲ್ಲಿ ಇಟ್ಟಿದ್ದರು. ಆಮೇಲೆ ಆ ಕಣಜಗಳ ವಂಶವನ್ನು ಅಲ್ಲಿಯೇ ನಡೆಸಿಕೊಂಡು ಬಂದರು. ಸುರತ್ಕಲ್ಲಿನ ನಮ್ಮ ಹಿತ್ತಲಿನಲ್ಲಿ ಒಂದು ರೆಂಜೆ ಉಂಟು; ಅದಕ್ಕೂ ಪ್ರತಿ ಮಳೆಗಾಲ ಹುಳ ಹತ್ತುತ್ತದೆ. ಕಣಜ ಮೊಟ್ಟೆ ಇಡಲಿಕ್ಕೆ ಬೇಕಾದ ಹುಳಕ್ಕಾಗಿ ಸ್ಕೂಟರಿನಲ್ಲಿ ಅಲ್ಲಿಯವರೆಗೆ ಬರುತ್ತಿದ್ದರು. ಬನದ ಕಣಜ ಎಂದು ಭೂಮಿಯ ಮೇಲೆ ಉಳಿದದ್ದು ಅಷ್ಟೇ. ಈ ಬೇಸಗೆಯಲ್ಲಿ ಫೋನು ಮಾಡಿ, “ಎಲ್ಲ ಗೂಡೊಳಗೆ ನಿದ್ದೆಯಲ್ಲಿ ಉಂಟು, ಊಟ ಬೇಡ ಅವಕ್ಕೆ. ಮಳೆ ಬಿದ್ದ ಕೂಡ್ಲೆ ನಿಮ್ಮ ರೆಂಜೆಗೆ ಬಿಟ್ಟುಬಿಡುವ. ಅಲ್ಲಿ ನೀವು ಎಂತದ್ದೂ ಹೊಡೆಸ್ಲಿಕ್ಕಿಲ್ಲ, ಆಯ್ತಾ? ಭಾಷೆ ಕೊಡಿ,” ಎಂದರು. ಕೊಟ್ಟೆ. ಜನ್ಮದಲ್ಲಿ ಮೊದಲ ಸಲ “ಥ್ಯಾಂಕ್ಸ್ ಮೇಡಂ” ಎಂದರು. ಮಳೆಗೆ ಮೊದಲೇ, ಒಂದು ಬೆಳಗ್ಗೆ ಎದ್ದವರು ಹಾಗೆಯೇ ಮಂಚಕ್ಕೆ ಒರಗಿ ಹೋಗಿಬಿಟ್ಟರು.

ಸಾವಿನ ಮನೆಯಲ್ಲಿ ಅಳು ಬರುವುದಕ್ಕಿಂತ ಮೊದಲು ನನಗೆ ನೆನಪಾದದ್ದು ಆ ಬಾಟ್ಲಿಗಳು. ಅಣ್ಣಭಟ್ರ ಹತ್ತಿರ ಹೋಗಿ, ಒಳಗಿರುವುದು ಗೂಡು, ಅದರೊಳಗೆ ಜೀವ ಉಂಟು, ಅದನ್ನು ನನಗೆ ಕೊಡುವುದೆಂದು ಸರ್ ಹೇಳಿದ್ದರು, ಈಗಲೇ ಒಯ್ಯುತ್ತೇನೆ ಎಂದು ಬಿಡಿಸಿ ಹೇಳಿದೆ. ಭಟ್ರ ಕಣ್ಣು ಅತ್ತು ಕೆಂಪಾಗಿತ್ತು. “ಸೂತಕ ಅಲ್ವಾ ಮೇಡಂ. ಸೂತಕದ ಮನೆಯಿಂದ ವಸ್ತು ಹೊರಗೆ ಕೊಡ್ಲಿಕ್ಕಿಲ್ಲ. ವೈಕುಂಠ ಸಮಾರಾಧನೆಯ ದಿನ ಬನ್ನಿ, ನಾನೇ ಕೈಯಾರೆ ಕೊಡ್ತೇನೆ. ತಮ್ಮನ ಮಾತು ಅಲ್ವಾ,” ಎಂದರು. ಹಾಗಾದರೆ ಅಲುಗಾಡಿಸಬೇಡಿ, ಮುಟ್ಟಬೇಡಿ ಎಂದೆ. ತಲೆಯಾಡಿಸಿದರು.

ಸಮಾರಾಧನೆಗೆ ಹೋದೆ. ಊಟಕ್ಕೆ ಮೊದಲು ಮೈಕು ಹಿಡಿದು ಅಧ್ಯಕ್ಷರು, ಬನದ ಅಭಿವೃದ್ಧಿಯಲ್ಲಿ ಸರ್ ಅವರ ಮಾರ್ಗದರ್ಶನ ಎಂದು ಶುರುಮಾಡಿದರು. ನಾನು ಕೂತಲ್ಲಿಂದಲೇ, “ಸುಳ್ಳು ಹೇಳ್ಬೇಡಿ ಮಾರಾಯ್ರೆ, ಅವರು ತಂದದ್ದನ್ನು ನೀವು ಹೊರಗೆ ಇಟ್ರಿ, ಕೊಲ್ಲುವುದನ್ನು ಒಳಗೆ ತಂದ್ರಿ,” ಎಂದೆ. ಜನ ತಿರುಗಿ ನೋಡಿದರು. ಅಧ್ಯಕ್ಷರು, ಮೇಡಂ ತುಂಬಾ ಭಾವುಕರಾಗಿದ್ದಾರೆ ಎಂದು ಹೇಳಿ, ಎಲೆ ಹಾಕಿಯಾಗಿದೆ, ದಯವಿಟ್ಟು ಊಟಕ್ಕೆ ಏಳಿ ಎಂದರು. ಎಲ್ಲರೂ ಎದ್ದರು. ನನ್ನ ಪಕ್ಕದಲ್ಲಿದ್ದ ಹಳೆಯ ಶಿಷ್ಯ, ಹೋಳಿಗೆ ಉಂಟಂತೆ ಎಂದ.

ಅಣ್ಣಭಟ್ರು ಬಡಿಸುವುದನ್ನು ಬಿಟ್ಟು ನನ್ನನ್ನು ಮಹಡಿಗೆ ಕರೆದುಕೊಂಡು ಹೋದರು. ಕೋಣೆಯ ಬಾಗಿಲು ತೆರೆದರು. ಗೋಡೆಗೆ ಸುಣ್ಣ ಹೊಡೆದಿತ್ತು, ನೆಲ ಹೊಳೆಯುತ್ತಿತ್ತು. ಬಾಟ್ಲಿಗಳು ಕಿಟಕಿಯಡಿ ಸಾಲಾಗಿ ನಿಂತಿದ್ದವು, ತೊಳೆದು ಒರೆಸಿ, ಒಂದೊಂದರ ಬಾಯಿಗೂ ಹೊಸ ಬಟ್ಟೆ ಕಟ್ಟಿ. ಒಳಗೆ ಏನೂ ಇರಲಿಲ್ಲ.

“ಗೂಡು ಎಲ್ಲಿ ಭಟ್ರೆ?”

“ಸೂತಕದ್ದನ್ನು ಹಾಗೆಯೇ ಹೇಗೆ ಕೊಡುವುದು ಮೇಡಂ? ಒಂದು ಮನೆಗೆ ಹೋಗುವ ವಸ್ತು. ಶುದ್ಧ ಮಾಡದೆ ಕೊಟ್ರೆ ತಮ್ಮನಿಗೇ ದೋಷ. ಪುಣ್ಯಾಹಕ್ಕೆ ಮೊದಲು ಕೋಣೆಗೆ ಮದ್ದು ಹೊಡೆಸಿದೆ. ಅಧ್ಯಕ್ಷರೇ ಜನ ಕಳಿಸಿದ್ದು, ಹಣ ಕೂಡ ತಕೊಳ್ಳಲಿಲ್ಲ. ಬಾಟ್ಲಿ ಮಾತ್ರ ನಾನೇ ತೊಳೆದದ್ದು, ಬೇರೆಯವರ ಕೈಗೆ ಕೊಡಲಿಲ್ಲ.”

ಅವರ ಮುಖದಲ್ಲಿ ಒಂದಿಷ್ಟೂ ಕಪಟ ಇರಲಿಲ್ಲ. ತಮ್ಮನಿಗಾಗಿ ಮಾಡಬೇಕಾದದ್ದನ್ನು ಮಾಡಿ ಮುಗಿಸಿದ ಮನುಷ್ಯ. ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಕೆಳಗೆ ಗ್ರಾನೈಟಿನ ಮೇಲೆ ಬಿಸಿಲು ಬಿದ್ದಿತ್ತು.

“ಒಂದನ್ನೂ ಬಿಡಲಿಲ್ಲವಲ್ಲ ಭಟ್ರೆ ನೀವು,” ಎಂದೆ.

“ಇಲ್ಲ ಮೇಡಂ, ಒಂದೂ ಬಿಡಲಿಲ್ಲ. ಮೂಲೆ ಮೂಲೆಗೆ ಹೊಡೆಸಿದ್ದೇನೆ,” ಎಂದು ಅವರು ಸಮಾಧಾನದಿಂದ ಹೇಳಿದರು.